ಬಿಸಿಲ ಸೀಮೆಯಲ್ಲಿ ಮಕ್ಕಳ ವಿಹಾರ

ವಿಹಾರವೆಂದೊಡನೆ ಬೆಂಗಳೂರಿನ ಲಾಲ್‌ಬಾಗು ನೆನಪಿಗೆ ಬರುವುದು ಸಹಜ. ಆದರೆ ದೇವನಕೊಂಡದ ಬಿಸಿಲ ಸೀಮೆಯವರಾದ ನಾವು ಮಕ್ಕಳನ್ನು ಕರೆದೊಯ್ಯಲು ಅಷ್ಟು ದೂರ ಹೋಗಬೇಕಾದುದಿಲ್ಲ. ಪತ್ತಿಕೊಂಡದಿಂದ ಗುತ್ತಿಗೆ ಹೋಗುವ ದಾರಿಯಲ್ಲಿ ಎರ್ರಗುಡಿಯ ಬಂಡೆಗಳಿವೆ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯು ಬರೆಯಿಸಿದ ಶಾಸನಗಳು ಅವುಗಳ ಮೇಲಿವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ.

ಅಲ್ಲಿಯ ಕಿರುಶಾಸನದಲ್ಲಿ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಸಾಗುತ್ತವೆ. ಉಳುವ ಎತ್ತು ಸಾಲಿನ ಕೊನೆಯಲ್ಲಿ ಹೊರಳುವುದನ್ನು ಕಂಡ ಮಕ್ಕಳಿಗೆ ಇದು ಕೂಡಲೆ ತಿಳಿಯುವುದು. ದೊಡ್ಡ ಶಾಸನಗಳಲ್ಲಿ ಎರಡನೆಯದು, ಮನುಷ್ಯರಿಗೂ ಪಶುಗಳಿಗೂ ಉಪಯೋಗವಾಗಲೆಂದು ದಾರಿಗಳಲ್ಲಿ ಬಾವಿ ತೋಡಿಸಿ ಮರ ನೆಡಿಸಿದುದನ್ನು ತಿಳಿಸುತ್ತದೆ. ಬಿಸಿಲ ಸೀಮೆಯಲ್ಲಿ ಉದ್ಯಾನವೆಂದರೆ ಮೊದಲು ನೆರಳು ಮತ್ತು ನೀರು ಎಂಬುದೇ ಇದರಿಂದ ನಾವು ಕಲಿಯಬೇಕಾದ ಪಾಠ.

ಇಂತಹ ವಿಹಾರಕ್ಕೆ ಕಾರ್ತೀಕದಿಂದ ಮಾಘದವರೆಗಿನ ಕಾಲವು ಮೇಲು. ಬೇಸಗೆಯಲ್ಲಿ ಹೊರಡಲೇಬೇಕಾದರೆ ನಸುಕಿನಲ್ಲಿ ಹೊರಟು, ಬಂಡೆ ಕಾಯುವ ಮುನ್ನ ಮರದ ನೆರಳನ್ನು ಸೇರಬೇಕು. ಮರವು ಬಿಸಿಲನ್ನು ತಡೆಯುವುದಲ್ಲದೆ ಎಲೆಗಳಿಂದ ನೀರಾವಿಯನ್ನು ಬಿಟ್ಟು ಗಾಳಿಯನ್ನು ತಂಪುಗೊಳಿಸುತ್ತದೆ. ಎಳೆಯರ ಮೈ ಬೇಗ ಕಾಯುವುದರಿಂದ ಅವರು ಕೇಳುವ ಮೊದಲೇ ನೀರನ್ನೋ ಮಜ್ಜಿಗೆಯನ್ನೋ ಕೊಡಬೇಕು. ತಲೆಸುತ್ತು, ವಾಂತಿ ತೋರಿದರೆ ನೆರಳಿನಲ್ಲಿ ಮಲಗಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ ಗಾಳಿ ಬೀಸಬೇಕು. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ನೀರು ಹಾಕದೆ, ಮೈಯನ್ನು ತಣಿಸುತ್ತಲೇ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹಿಂದಿರುಗಿದ ಮೇಲೆ ಪ್ರತಿಯೊಂದು ಮನೆಯವರೂ ಶಾಲೆಯ ಅಂಗಳದಲ್ಲಿ ಒಂದು ಬೇವನ್ನೋ ಹೊಂಗೆಯನ್ನೋ ನೆಟ್ಟು, ಅದು ಬೇರೂರುವವರೆಗೆ ನೀರೆರೆಯಲಿ. ಬಂಡೆಯಲ್ಲಿ ಓದಿದ ಮಾತು ಆಗ ನಮ್ಮ ಮಕ್ಕಳಿಗೆ ನೆರಳಾದೀತು.