ಬೆನ್ನ ಮೇಲಿನ ವಾಕ್ಯ

(ರಾರಾವಿ ಯೌವನಸ್ಥರ ಕೂಟದ ಪಾಠ. ಓದಬೇಕಾದ ಭಾಗಗಳು: 1 ಕೊರಿಂಥದವರಿಗೆ 9:24-27; ಆದಿಕಾಂಡ 4:1-10)

ಬೈಬಲ್ ತೆಗೀರಿ. ಆ್ಯಪ್ ಆದರೂ ಪರವಾಗಿಲ್ಲ, ನೋಟಿಫಿಕೇಶನ್ ಮಾತ್ರ ಆಫ್ ಮಾಡ್ರಿ.

ಕೊರಿಂಥ ಪಟ್ಟಣದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೀತಿತ್ತು. ಇಸ್ತ್ಮಿಯನ್ ಕ್ರೀಡೆಗಳು ಅಂತಾರೆ. ಗೆದ್ದವನಿಗೆ ಎಲೆಯ ಕಿರೀಟ, ನಾಲ್ಕು ದಿನದಲ್ಲಿ ಬಾಡಿ ಹೋಗೋದು. ಪೌಲನು ಆ ಊರಿನ ಜನರಿಗೆ ಬರೆಯುವಾಗ ಅವರಿಗೆ ಗೊತ್ತಿದ್ದ ಆಟವನ್ನೇ ಎತ್ತಿಕೊಂಡ. ನಾನು ಗುರಿಯಿಲ್ಲದೆ ಓಡುವವನಲ್ಲ, ಗಾಳಿಗೆ ಗುದ್ದುವವನಲ್ಲ, ನನ್ನ ದೇಹವನ್ನೇ ಜಜ್ಜಿ ಹತೋಟಿಗೆ ತರುತ್ತೇನೆ, ಇಲ್ಲದಿದ್ದರೆ ಇತರರಿಗೆ ಸಾರಿ ನಾನೇ ಅಯೋಗ್ಯನಾದೇನು ಎನ್ನುವ ಅರ್ಥದಲ್ಲಿ ಬರೀತಾನೆ. ಬೈಬಲ್ ಕಾಲೇಜಿನಲ್ಲಿ ನಮಗೆ ಗ್ರೀಕ್ ಕಲಿಸಿದ ಸರ್ ಇಲ್ಲಿ ಒಂದು ಮಾತು ಹೇಳ್ತಿದ್ದರು. 'ಜಜ್ಜುತ್ತೇನೆ' ಅನ್ನೋ ಪದದ ಮೂಲ ಅರ್ಥ ಕಣ್ಣಿನ ಕೆಳಗೆ ಗುದ್ದುವುದು. ಬಾಕ್ಸಿಂಗ್ ಮಾತು ಅದು. ಆದರೆ ಯಾರ ಕಣ್ಣಿನ ಕೆಳಗೆ, ನೋಡ್ರಿ. ಎದುರಾಳಿಯದ್ದಲ್ಲ. ಹೆಂಡತಿಯದ್ದಲ್ಲ, ತಮ್ಮನದ್ದಲ್ಲ. ಪೌಲನ ಗುದ್ದು ಬೀಳೋದು ಒಬ್ಬನೇ ಒಬ್ಬನ ಮೇಲೆ, ಪೌಲನ ಮೇಲೆ.

ಇದೇ ಎರಡು ವಚನಗಳನ್ನು, 26 ಮತ್ತು 27ನ್ನು, ಒಬ್ಬ ಓಟಗಾರ ತನ್ನ ಬೆನ್ನಿನ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದ. (ವಿಶ್ವಾಸಿ ಟ್ಯಾಟೂ ಹಾಕಿಸಿಕೊಳ್ಳಬಹುದಾ ಅಂತ ಈಗ ಕೇಳಬೇಡ್ರಿ, ಅದು ಬೇರೆ ದಿನದ ಪಾಠ.) ಅವನ ಹೆಸರು ಆಸ್ಕರ್ ಪಿಸ್ಟೋರಿಯಸ್, ದಕ್ಷಿಣ ಆಫ್ರಿಕಾದವನು.

ಅಷ್ಟು ದೂರ ಯಾಕೆ ಹೋಗಬೇಕು, ನಮ್ಮ ದೇಶದಲ್ಲೇ ಇಲ್ಲವಾ ಅಂತ ಕೆಲವರು ಕೇಳಬಹುದು. ಎರಡು ಒಲಿಂಪಿಕ್ ಪದಕ ಗೆದ್ದ ಕುಸ್ತಿಪಟು ಸುಶೀಲ್ ಕುಮಾರ್ 2021ರ ಮೇ ತಿಂಗಳಲ್ಲಿ ಒಬ್ಬ ಯುವ ಕುಸ್ತಿಪಟುವಿನ ಕೊಲೆ ಆರೋಪದ ಮೇಲೆ ಬಂಧಿತರಾದದ್ದು ಟಿವಿಯಲ್ಲಿ ನೀವೆಲ್ಲ ನೋಡಿದ್ದೀರಿ. ಆದರೆ ಆರೋಪ ಬೇರೆ, ತೀರ್ಪು ಬೇರೆ. ಕೋರ್ಟು ತೀರ್ಮಾನಿಸಬೇಕಾದ್ದನ್ನು ನಾನು ಪ್ರಸಂಗಪೀಠದಿಂದ ತೀರ್ಮಾನಿಸಬಾರದು. ಆಸ್ಕರನ ಕೇಸು ಹಾಗಲ್ಲ, ಅಪೀಲಿನ ತನಕ ಹೋಗಿ ತೀರ್ಪಾಗಿದೆ. ಇನ್ನೊಂದು, ನಮ್ಮ ವಾಕ್ಯವೇ ಅವನ ಮೈಮೇಲೆ ಇತ್ತು. ಅದಕ್ಕೇ ಅವನು.

ಅವನು ಹುಟ್ಟಿದ್ದು 1986ರಲ್ಲಿ. ಎರಡೂ ಮೊಣಕಾಲಿನ ಕೆಳಗೆ ಇರಬೇಕಾದ ಒಂದೊಂದು ಮೂಳೆ ಇರಲಿಲ್ಲ. 11 ತಿಂಗಳ ಕೂಸಾಗಿದ್ದಾಗ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಅವನ ತಾಯಿ ಬೆಳಿಗ್ಗೆ ಅಣ್ಣನಿಗೆ ಶೂ ಹಾಕ್ಕೋ ಅನ್ನುತ್ತಿದ್ದರಂತೆ, ಇವನಿಗೆ ಕಾಲು ಹಾಕ್ಕೋ ಅನ್ನುತ್ತಿದ್ದರಂತೆ. ಅಯ್ಯೋ ಪಾಪ ಅನ್ನಿಸಿಕೊಳ್ಳದೆ ಬೆಳೆದ ಹುಡುಗ. 15 ವರ್ಷಕ್ಕೆ ಆ ತಾಯಿಯೂ ತೀರಿಹೋದರು. ಕಾರ್ಬನ್ ಫೈಬರ್ ಬ್ಲೇಡುಗಳ ಮೇಲೆ ಓಡಿ 2008ರ ಬೀಜಿಂಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 100, 200, 400 ಮೀಟರ್ ಮೂರರಲ್ಲೂ ಚಿನ್ನ ಗೆದ್ದ. ಬ್ಲೇಡಿನಿಂದ ಲಾಭ ಸಿಗುತ್ತೆ ಅಂತ ತಡೆದವರ ವಿರುದ್ಧ ಕ್ರೀಡಾ ನ್ಯಾಯಮಂಡಳಿಗೆ ಹೋಗಿ ಗೆದ್ದು, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಾಲಿದ್ದವರ ಜೊತೆ 400 ಮೀಟರ್ ಓಡಿ ಸೆಮಿಫೈನಲ್ ತಲುಪಿದ. ದೇಹವನ್ನು ಹತೋಟಿಗೆ ತರೋದು ಅಂದರೆ ಇದೇ ಅಲ್ರೀ? ಆ ಲೆಕ್ಕದಲ್ಲಿ ಪೌಲನ ವಚನ ಬೆನ್ನ ಮೇಲೆ ಬರೆಸಿಕೊಳ್ಳುವ ಹಕ್ಕು ಅವನಿಗಿಂತ ಯಾರಿಗೆ ಜಾಸ್ತಿ ಇತ್ತು?

ಆರು ತಿಂಗಳು. ಲಂಡನ್ನಿನಿಂದ ಪೊಲೀಸ್ ಸ್ಟೇಷನ್ನಿಗೆ ಆರೇ ತಿಂಗಳು. 2013ರ ಫೆಬ್ರವರಿ 14ರ ಬೆಳಗಿನ ಜಾವ ಪ್ರಿಟೋರಿಯಾದ ತನ್ನ ಮನೆಯಲ್ಲಿ, ಬೀಗ ಹಾಕಿದ್ದ ಟಾಯ್ಲೆಟ್ ಬಾಗಿಲಿನ ಮೂಲಕ ನಾಲ್ಕು ಗುಂಡು ಹಾರಿಸಿದ. ಒಳಗಿದ್ದವಳು ಅವನ ಗೆಳತಿ ರೀವಾ ಸ್ಟೀನ್‌ಕ್ಯಾಂಪ್. 29 ವರ್ಷ. ಕಾನೂನು ಓದಿದ್ದಳು, ಮಾಡೆಲ್ ಆಗಿದ್ದಳು. ಅದೇ ದಿನ ಜೋಹಾನ್ಸ್‌ಬರ್ಗಿನ ಒಂದು ಶಾಲೆಯಲ್ಲಿ ಮಕ್ಕಳ ಮುಂದೆ ಮಾತಾಡಬೇಕಿತ್ತು.

ಸೆಲೆಬ್ರಿಟಿ ಸುದ್ದಿ ಅಂತ ಓದಿದವರು ಇಲ್ಲಿಗೇ ನಿಲ್ಲಿಸ್ತಾರೆ. ನಾನು ಇನ್ನೂ ಸ್ವಲ್ಪ ಹಿಂದಕ್ಕೆ ಹೋಗ್ತೀನಿ, ಯಾಕಂದರೆ ನಮಗೆ ಬೇಕಾದ್ದು ಅಲ್ಲಿದೆ.

ಅದೇ ಜನವರಿ ತಿಂಗಳು. ಒಂದು ರೆಸ್ಟೋರೆಂಟಿನಲ್ಲಿ ಸ್ನೇಹಿತರ ಜೊತೆ ಕೂತಿದ್ದಾಗ ಅವನ ಕೈಯಲ್ಲಿದ್ದ ಪಿಸ್ತೂಲು ಮೇಜಿನ ಕೆಳಗೆ ಹಾರಿತು. ಯಾರ ಪ್ರಾಣವೂ ಹೋಗಲಿಲ್ಲ. ಪಕ್ಕದಲ್ಲಿದ್ದ ಸ್ನೇಹಿತ ತಪ್ಪನ್ನು ತನ್ನ ಮೇಲೆ ಹಾಕಿಕೊಂಡ. ಆಸ್ಕರನೇ ಹಾಗೆ ಕೇಳಿಕೊಂಡ ಅಂತ ಆಮೇಲೆ ಕೋರ್ಟಿನಲ್ಲಿ ಸಾಕ್ಷಿ ಹೇಳಿದ. ಆ ಗುಂಡಿನ ವಿಷಯದಲ್ಲೂ ಆಸ್ಕರ್ ತಪ್ಪಿತಸ್ಥ ಅಂತ ತೀರ್ಪಾಯಿತು. ಆದರೆ ಆ ತೀರ್ಪು ಬರುವ ಹೊತ್ತಿಗೆ ರೀವಾ ಬದುಕಿರಲಿಲ್ಲ. ಅದೇ ಜನವರಿಯ ಕೊನೆಯಲ್ಲಿ ರೀವಾ ಅವನಿಗೊಂದು ವಾಟ್ಸಾಪ್ ಮೆಸೇಜ್ ಕಳಿಸಿದ್ದಳು. ಕೆಲವೊಮ್ಮೆ ನಿನ್ನನ್ನು ಕಂಡರೆ ನನಗೆ ಭಯವಾಗುತ್ತೆ, ನೀನು ನನ್ನ ಮೇಲೆ ಹರಿಹಾಯುವ ರೀತಿ ಹಾಗಿದೆ ಎನ್ನುವ ಅರ್ಥ ಅದರಲ್ಲಿತ್ತು. ವಿಚಾರಣೆಯಲ್ಲಿ ಅದನ್ನು ಎಲ್ಲರ ಮುಂದೆ ಓದಿದರು. ಇಬ್ಬರ ನಡುವೆ ಹೋದ ಮೆಸೇಜುಗಳಲ್ಲಿ ಹೆಚ್ಚಿನವು ಪ್ರೀತಿಯವೇ, ಅದನ್ನೂ ಹೇಳಬೇಕು. ಭಯ ಅಂತ ಬರೆದದ್ದು ತೀರಾ ಕಡಿಮೆ. ನಮ್ಮ ಹೆಣ್ಣುಮಕ್ಕಳೂ ಹಾಗೇ ಬರೀತಾರೆ, ಹತ್ತು ಹಾರ್ಟ್ ಇಮೋಜಿ ಮಧ್ಯದಲ್ಲಿ ಒಂದು ಸಾಲು.

ಕಳ್ಳ ನುಗ್ಗಿದ್ದಾನೆ ಅಂದುಕೊಂಡು ಹೆದರಿ ಗುಂಡು ಹಾರಿಸಿದೆ, ಒಳಗೆ ರೀವಾ ಇದ್ದದ್ದು ಗೊತ್ತಿರಲಿಲ್ಲ ಅಂತ ಆಸ್ಕರ್ ಮೊದಲಿನಿಂದ ಕೊನೆಯವರೆಗೂ ಹೇಳಿದ. 2014ರಲ್ಲಿ ನ್ಯಾಯಾಧೀಶೆ ಥೊಕೊಜಿಲೆ ಮಸಿಪಾ ಇದು ಕೊಲೆಯಲ್ಲ, ಕೊಲೆಗಿಂತ ಕಡಿಮೆಯ ನರಹತ್ಯೆ ಅಂತ 5 ವರ್ಷ ಶಿಕ್ಷೆ ಕೊಟ್ಟರು. ಸರ್ಕಾರ ಮೇಲ್ಮನವಿ ಹಾಕಿತು. 2015ರ ಡಿಸೆಂಬರಿನಲ್ಲಿ ಮೇಲಿನ ಕೋರ್ಟು ಕೊಲೆ ಅಂತಲೇ ತೀರ್ಪು ಕೊಟ್ಟಿತು. ಒಳಗೆ ಇದ್ದವಳು ರೀವಾ ಅಂತ ಅವನಿಗೆ ಗೊತ್ತಿತ್ತು ಅಂತ ಕೋರ್ಟು ಹೇಳಲಿಲ್ಲ. ಅದು ಹೇಳಿದ್ದು ಬೇರೆ: ಬಾಗಿಲ ಹಿಂದೆ ಯಾರೇ ಇರಲಿ, ಅಷ್ಟು ಸಣ್ಣ ಜಾಗಕ್ಕೆ ನಾಲ್ಕು ಗುಂಡು ಹಾರಿಸುವವನಿಗೆ ಒಳಗಿರೋ ಮನುಷ್ಯ ಸಾಯಬಹುದು ಅಂತ ಗೊತ್ತಿರಲೇಬೇಕು, ಗೊತ್ತಿದ್ದೂ ಹಾರಿಸಿದ. 2016ರಲ್ಲಿ 6 ವರ್ಷ ಕೊಟ್ಟರು, 2017ರ ನವೆಂಬರಿನಲ್ಲಿ ಅದನ್ನು 13 ವರ್ಷ 5 ತಿಂಗಳಿಗೆ ಏರಿಸಿದರು.

ಈ ತೀರ್ಪನ್ನು ನಾನು ಎರಡು ಮೂರು ಸಲ ಓದಿದೆ. 'ಬೇಕು ಅಂತ ಮಾಡಲಿಲ್ಲ' ಅನ್ನೋದು ನಮ್ಮ ಬಾಯಲ್ಲಿ ಎಷ್ಟು ಸಲೀಸಾಗಿ ಬರುತ್ತೆ, ನೋಡ್ರಿ. ಸಿಟ್ಟು ಬಂತು, ಕೈ ಎತ್ತಿದೆ, ಅವಳಿಗೆ ತಗಲುತ್ತೆ ಅಂತ ಗೊತ್ತಿರಲಿಲ್ಲ. ಫೋನು ಗೋಡೆಗೆ ಎಸೆದೆ, ಅವಳ ಮೇಲೆ ಎಸೆಯಲಿಲ್ಲ. ಸ್ವಂತ ಕಥೆಯನ್ನೇ ಪೂರ್ತಿ ಒಪ್ಪಿಕೊಂಡರೂ ತಪ್ಪು ತಪ್ಪೇ ಅಂತ ಆ ಕೋರ್ಟು ಹೇಳಿತು. ಬಾಗಿಲ ಹಿಂದಿರೋದೂ ದೇವರ ಸ್ವರೂಪದಲ್ಲಿ ಉಂಟಾದ ಒಬ್ಬ ಮನುಷ್ಯನೇ.

ಆ ರಾತ್ರಿ ಸಹಾಯಕ್ಕೆ ಓಡಿಬಂದ ನೆರೆಮನೆಯ ಡಾಕ್ಟರು ಕೋರ್ಟಿನಲ್ಲಿ ಇನ್ನೊಂದು ವಿಷಯ ಹೇಳಿದರು. ಆಸ್ಕರ್ ಅವಳ ಪಕ್ಕ ಕೂತು ಅಳುತ್ತಾ ಪ್ರಾರ್ಥಿಸುತ್ತಿದ್ದ. ಅವಳು ಬದುಕಲಿ ಅಂತ ದೇವರ ಹತ್ತಿರ ಬೇಡುತ್ತಿದ್ದ. ಆ ಪ್ರಾರ್ಥನೆ ನಾಟಕ ಅಂತ ಹೇಳೋಕೆ ನನಗೆ ಮನಸ್ಸು ಬರೋದಿಲ್ಲ, ನಿಜವೇ ಇದ್ದೀತು. ಆದರೆ ಅದು ನಾಲ್ಕನೇ ಗುಂಡಿನ ನಂತರ ಬಂತು.

ಈಗ ಆದಿಕಾಂಡ 4. ಕಾಯಿನನ ಹತ್ತಿರ ದೇವರು ಯಾವಾಗ ಮಾತಾಡಿದ? ಹೇಬೆಲನು ಸತ್ತ ಮೇಲೆ ಮಾತ್ರ ಅಂತ ಹಲವರು ಅಂದುಕೊಂಡಿದ್ದಾರೆ. ಇಲ್ಲ, 6 ಮತ್ತು 7ನೇ ವಚನ ನೋಡ್ರಿ. ಮುಖ ಬಾಡಿದ್ದಾಗಲೇ, ಕೈ ಇನ್ನೂ ಸ್ವಚ್ಛವಾಗಿದ್ದಾಗಲೇ, ಯಾಕೆ ನಿನಗೆ ಸಿಟ್ಟು ಅಂತ ದೇವರು ಕೇಳಿದ. ಪಾಪವು ಬಾಗಿಲಲ್ಲೇ ಹೊಂಚು ಹಾಕಿ ಮಲಗಿದೆ, ನೀನು ಅದನ್ನು ಆಳಬೇಕು ಅಂತ ಎಚ್ಚರಿಸಿದ. ಆ ಪ್ರಶ್ನೆಗೆ ಕಾಯಿನನು ಉತ್ತರವನ್ನೇ ಕೊಡಲಿಲ್ಲ. ಸೀದಾ ತಮ್ಮನ ಹತ್ತಿರ ಹೋದ. ಸಿಟ್ಟಿಗೂ ಹೊಲಕ್ಕೂ ನಡುವೆ ದೇವರು ಒಂದು ಪ್ರಶ್ನೆಯಷ್ಟು ಜಾಗ ಇಟ್ಟಿದ್ದ. ನಿಮಗೂ ಇಡ್ತಾನೆ. ಕೆಲವೊಮ್ಮೆ ಆ ಪ್ರಶ್ನೆ ಒಂದು ವಾಟ್ಸಾಪ್ ಮೆಸೇಜಾಗಿ ಬರುತ್ತೆ.

ಬೆನ್ನ ಮೇಲೆ ಬರೆದದ್ದು ಬರೆಸಿಕೊಂಡವನಿಗೆ ಕಾಣೋದಿಲ್ಲ, ಹಿಂದೆ ಇರೋರಿಗೆ ಕಾಣುತ್ತೆ. ಸಭೆಯಲ್ಲೂ ಹಾಗೇ. ವರ್ಷಿಪ್‌ನಲ್ಲಿ ಗಿಟಾರ್ ಚೆನ್ನಾಗಿ ನುಡಿಸ್ತಾನೆ, ಉಪವಾಸ ಪ್ರಾರ್ಥನೆಗೆ ಮೊದಲು ಬರ್ತಾನೆ, ಅನ್ಯಭಾಷೆಯಲ್ಲಿ ಮಾತಾಡ್ತಾನೆ. ಇಂಥ ಹುಡುಗನ ಬಗ್ಗೆ ಒಬ್ಬ ತಂಗಿ ಬಂದು, ಅಣ್ಣಾ, ನಿಶ್ಚಿತಾರ್ಥ ಆಗಿದೆ, ಆದರೆ ಅವನನ್ನು ಕಂಡರೆ ಭಯ ಆಗುತ್ತೆ ಅಂದರೆ ನಮ್ಮ ಹಿರಿಯರು ಏನಂತಾರೆ? ಮದುವೆ ಆದಮೇಲೆ ಸರಿಹೋಗ್ತಾನೆ. ನೀನೇ ಸ್ವಲ್ಪ ತಗ್ಗಿ ನಡಿ. ಪ್ರಾರ್ಥನೆ ಮಾಡಮ್ಮ. ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಪ್ರಾರ್ಥನೆ ಮಾಡೋಣ, ಆದರೆ ಆ ನಿಶ್ಚಿತಾರ್ಥ ಅಲ್ಲಿಗೇ ನಿಲ್ಲಲಿ. ಗಲಾತ್ಯ 5ರ ಪಟ್ಟಿಯಲ್ಲಿ ಕೊನೆಗೆ ಬರುವ ಫಲ ಶಮೆದಮೆ. ಹಳೆಯ ಪದ, ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಿದ್ದೀವಿ. ತನ್ನನ್ನು ತಾನು ಹಿಡಿದುಕೊಳ್ಳೋದು ಅಂತ ಅರ್ಥ. ವರಗಳಿದ್ದು ಈ ಫಲ ಇಲ್ಲದವನನ್ನು ಸ್ಟೇಜಿನ ಮೇಲಿಂದ ಇಳಿಸೋ ಧೈರ್ಯ ಸಭೆಗೆ ಇರಬೇಕು. ಅವನು ಹಾಳಾಗಿ ಹೋಗಲಿ ಅಂತಲ್ಲ, ಉಳೀಲಿ ಅಂತ. ರೆಸ್ಟೋರೆಂಟಿನಲ್ಲಿ ಸ್ನೇಹಿತ ತಪ್ಪನ್ನು ಹೊತ್ತುಕೊಳ್ಳದೆ ಹೋಗಿದ್ದರೆ ಆಸ್ಕರನಿಗೆ ಒಂದು ಕೇಸು ಬೀಳುತ್ತಿತ್ತೇನೋ, ಬಂದೂಕು ಕೈಬಿಡುತ್ತಿತ್ತೇನೋ. ಪ್ರೀತಿಯಿಂದಲೇ ಮುಚ್ಚಿದ, ಪಾಪ.

ನಮ್ಮ ಕಡೆ ಟೆನಿಸ್ ಬಾಲ್ ಟೂರ್ನಮೆಂಟಿನಲ್ಲಿ ಒಂದು ರನೌಟಿಗೆ ಸ್ಟಂಪ್ ಕಿತ್ತುಕೊಂಡು ಓಡೋದನ್ನು ನೋಡಿದ್ದೀವಲ್ಲ. ಆಮೇಲೆ ಜೊತೆಗಿದ್ದವರೇ, ಇಲ್ರೀ, ಅವನು ಹೊಡೀಲಿಲ್ಲ ಅಂತ ಸುಳ್ಳು ಹೇಳ್ತಾರೆ. ಅದನ್ನೇ ದೋಸ್ತಿ ಅಂತೀವಿ.

ರೀವಾಳ ತಾಯಿ ಜೂನ್ ಅವರ ವಿಷಯ ಹೇಳದೆ ಮುಂದೆ ಹೋಗಬಾರದು. ಆಸ್ಕರ್ 2024ರ ಜನವರಿ 5ರಂದು ಪೆರೋಲಿನ ಮೇಲೆ ಹೊರಗೆ ಬಂದ. ಶಿಕ್ಷೆ ಮುಗಿಯೋದು 2029ರಲ್ಲಿ, ಅಲ್ಲಿಯವರೆಗೆ ಸಿಟ್ಟಿನ ಹತೋಟಿಗೆ, ಹೆಂಗಸರ ಮೇಲಿನ ಹಿಂಸೆಯ ವಿಷಯಕ್ಕೆ ತರಬೇತಿ ಕಡ್ಡಾಯ. ಬಿಡುಗಡೆಗೆ ಮೊದಲು ರೀವಾಳ ತಂದೆ ಬ್ಯಾರಿ ಅವನನ್ನು ಮುಖಾಮುಖಿ ಭೇಟಿಯಾಗಿದ್ದರು. 2023ರಲ್ಲಿ ಆ ತಂದೆ ತೀರಿಹೋದರು. ಜೂನ್ ಅವರು ಪೆರೋಲಿಗೆ ಅಡ್ಡ ಬರಲಿಲ್ಲ. ಅವನನ್ನು ಎಂದೋ ಕ್ಷಮಿಸಿದ್ದೇನೆ, ಇಲ್ಲದಿದ್ದರೆ ನಾನೇ ಉಳಿಯುತ್ತಿರಲಿಲ್ಲ ಅನ್ನೋ ಅರ್ಥದಲ್ಲಿ ಬರೆದುಕೊಟ್ಟರು. ಆದರೆ ಅವನು ಹೇಳೋ ಕಥೆಯನ್ನು ನಂಬೋದಿಲ್ಲ ಅಂತಲೂ ಹೇಳಿದರು. ಉಳಿದಿರೋ ನಮಗೇ ಜೀವಾವಧಿ ಶಿಕ್ಷೆ ಅಂತಲೂ ಹೇಳಿದರು. ಕ್ಷಮಿಸು, ಕೇಸು ವಾಪಸ್ ತಗೋ ಅಂತ ಸಲಹೆ ಕೊಡೋ ನಮ್ಮ ಸಭೆಗಳು ಈ ತಾಯಿಯ ಹತ್ತಿರ ಕೂತು ಕಲೀಬೇಕು. ಆಕೆ ಕ್ಷಮಿಸಿದರು, ಸುಳ್ಳು ಅನ್ನಿಸಿದ್ದನ್ನು ಸುಳ್ಳು ಅಂದರು, ಕಾನೂನನ್ನು ಅದರ ದಾರಿಗೆ ಬಿಟ್ಟರು.

ಆಸ್ಕರನಿಗೂ ಕೃಪೆಯ ಬಾಗಿಲು ಮುಚ್ಚಿಲ್ಲ. ಕಾಯಿನನಿಗೂ ದೇವರು ಗುರುತು ಹಾಕಿ ಕಾಪಾಡಿದ. ಅದನ್ನು ನಾನು ನಂಬ್ತೀನಿ.

ತಮ್ಮಂದಿರೇ, ಈ ವಾರ ಒಂದು ಕೆಲಸ. ಮನೆಯಲ್ಲಿ ತಾಯಿಯನ್ನೋ ತಂಗಿಯನ್ನೋ ಹೆಂಡತಿಯನ್ನೋ ಕೂರಿಸಿಕೊಂಡು, ನನ್ನ ಸಿಟ್ಟು ಕಂಡರೆ ನಿಮಗೆ ಭಯ ಆಗುತ್ತಾ ಅಂತ ಕೇಳ್ರಿ. ಕೇಳಿ ಸುಮ್ಮನೆ ಕೂಡ್ರಿ, ಎದುರು ಮಾತಾಡಬೇಡ್ರಿ. ತಂಗಿಯರೇ, ಈಗಲೇ ಭಯದಲ್ಲಿ ಇದ್ದೀರಾದರೆ ಒಬ್ಬರಿಗಾದರೂ ಹೇಳ್ರಿ. ಹೊಡೆತದ ತನಕ ಹೋಗಿದ್ದರೆ 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಮೊದಲು ಫೋನ್ ಮಾಡ್ರಿ, ಪಾಸ್ಟರಿಗೆ ಆಮೇಲೆ. ಕೂಟ ಮುಗಿದ ಮೇಲೆ ನನ್ನ ಹೆಂಡತಿ ಮುಂದಿನ ಸಾಲಿನಲ್ಲೇ ಕೂತಿರ್ತಾಳೆ, ಅವಳ ಹತ್ತಿರ ಮಾತಾಡಬಹುದು. ಅವಳು ನನಗೂ ಹೇಳೋದಿಲ್ಲ.

ಮುಂದಿನ ಭಾನುವಾರಕ್ಕೆ ನ್ಯಾಯಸ್ಥಾಪಕರು 14 ಓದಿಕೊಂಡು ಬನ್ನಿ. ಸಂಸೋನನ ಮದುವೆ ಊಟದ ದಿನ ಅವನ ಸಿಟ್ಟು ಯಾರ ಯಾರ ಮೇಲೆ ಹೋಯಿತು ಅಂತ ಒಂದು ಹಾಳೆಯಲ್ಲಿ ಬರೆದು ತರ್ರಿ. ಈಗ ಎದ್ದು ನಿಲ್ಲೋಣ, ಪ್ರಾರ್ಥಿಸೋಣ.