ಹಳೆ ಜೀಪು ಮಾರುವ ಮುನ್ನ ಬಣ್ಣ ಹೊಡೆಸಬೇಡಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲೂಕುಗಳಲ್ಲಿ ಮೇಲ್ಚಾವಣಿ ಬಿಚ್ಚಿ ಓಡಿಸುವ ಹಳೆಯ ಗಾಡಿ ಎಂದರೆ ಜೀಪು. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ನಂಥ ಶೋಕಿ ಕಾರುಗಳು ದೊಡ್ಡ ಊರುಗಳ ಮಾತು. ನಮ್ಮ ಎರೆಹೊಲದ ದಾರಿಗೂ ಕೆಂಪುಮಣ್ಣಿನ ಕಲ್ಲುಹಾದಿಗೂ ಒಗ್ಗಿದ್ದು ಕ್ಯಾನ್ವಾಸ್ ಹುಡ್ಡಿನ ಜೀಪು. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರುಮಾಡಿತು. ಮುಂದೆ ಎತ್ತರದ ಬಾನೆಟ್ಟಿನ ಸಿಜೆ 3ಬಿ ಬಂತು, ಪ್ಯೂಜೋ ಮೂಲದ ಡೀಸೆಲ್ ಎಂಜಿನ್ ಹೊತ್ತ ಎಂಎಂ 540 ಬಂತು. 2010ರಲ್ಲಿ ಥಾರ್ ಬಂದ ಮೇಲೆ ಹಳೆಯವಕ್ಕೆ ಎರಡು ಹೆಸರು ಬಿದ್ದವು: ಮಾರುವವನ ಬಾಯಲ್ಲಿ ‘ಆಂಟಿಕ್’, ಕೊಳ್ಳುವವನ ಬಾಯಲ್ಲಿ ‘ಗುಜರಿ’. ಈ ಎರಡರ ನಡುವೆ ಸಿಕ್ಕಿಕೊಂಡ, ಕುಂದುಗಳಿದ್ದೂ ಓಡುತ್ತಿರುವ ಜೀಪನ್ನು ಮಾರುವುದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ. ನಾನು ಕಲಿತ ಪಾಠವನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಸಿಂಗರಿಸಬೇಡಿ. ಓಡುವುದನ್ನು ಓಡಿಸಿ ತೋರಿಸಿ, ಕೆಟ್ಟಿರುವುದನ್ನು ಬಾಯಿಬಿಟ್ಟು ಹೇಳಿ, ದುಡ್ಡು ಹಾಕುವುದಿದ್ದರೆ ಬ್ರೇಕಿಗೂ ಕಾಗದಪತ್ರಕ್ಕೂ ಹಾಕಿ.

ಕೊಳ್ಳುವವರು ಯಾರೆಂದು ನೋಡಿದರೆ ಇದಕ್ಕೆ ಕಾರಣ ಅರ್ಧ ತಿಳಿಯುತ್ತದೆ. ಇಂಥ ಜೀಪಿಗೆ ಗಿರಾಕಿಗಳು ಹೆಚ್ಚುಕಡಿಮೆ ಎರಡು ಬಗೆ. ಒಬ್ಬ ಹೊಲ, ತೋಟ ಇರುವವನು. ಅವನಿಗೆ ಗೊಬ್ಬರದ ಚೀಲ, ಪಂಪ್‌ಸೆಟ್ಟಿನ ಪೈಪು ಹೇರಿಕೊಂಡು ಬದುವಿನ ಪಕ್ಕದ ದಾರಿಯಲ್ಲಿ ಹೋಗಿಬರಬೇಕು. ಇನ್ನೊಬ್ಬ ಬೆಂಗಳೂರು, ಹುಬ್ಬಳ್ಳಿ ಕಡೆಯ ಹವ್ಯಾಸಿ. ಅವನು ಜೀಪನ್ನು ಪೂರ್ತಿ ಬಿಚ್ಚಿ, ಬಾಡಿಯನ್ನು ಬರಿ ತಗಡಿಗೆ ಇಳಿಸಿ, ತನಗೆ ಬೇಕಾದ ಹಾಗೆ ಮತ್ತೆ ಕಟ್ಟುತ್ತಾನೆ. ನೀವು ಹೊಡೆಸಿದ ಹೊಸ ಬಣ್ಣವನ್ನು ಮೊದಲನೆಯವನ ಹೊಲದ ಬೇಲಿ ಒಂದೇ ವಾರದಲ್ಲಿ ಗೀರುತ್ತದೆ. ಎರಡನೆಯವನು ಅದೇ ವಾರದಲ್ಲಿ ತಾನೇ ಕೆರೆದು ತೆಗೆಯುತ್ತಾನೆ. ಇಬ್ಬರಿಗೂ ಬೇಡವಾದ ಕೆಲಸಕ್ಕೆ ಸುರಿದ ದುಡ್ಡು ಬೆಲೆಯಲ್ಲಿ ತಿರುಗಿ ಬರುವುದಾದರೂ ಎಲ್ಲಿಂದ? ಮಾರುವ ಮುನ್ನ ಟಿಂಕರಿಂಗ್, ಪೇಂಟಿಂಗ್ ಎಂದು ಗ್ಯಾರೇಜಿಗೆ ಬಿಡುವ ರೂಢಿ ನಮ್ಮಲ್ಲಿ ಬಲವಾಗಿದೆ. ಆದರೆ ಆ ರೂಢಿ ಹುಟ್ಟಿದ್ದು ಐದಾರು ವರ್ಷ ಓಡಿದ ಕಾರುಗಳ ವ್ಯಾಪಾರದಲ್ಲಿ. ನಲವತ್ತು ವರ್ಷದ ಜೀಪಿಗೆ ಅದು ಹೊಂದುವುದಿಲ್ಲ.

ಹೊಸ ಬಣ್ಣ ಬರೀ ದಂಡವಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಅದು ನಮ್ಮ ಕೈಯಲ್ಲಿರುವ ಒಳ್ಳೆಯ ಸಾಕ್ಷಿಯನ್ನೂ ಅಳಿಸುತ್ತದೆ. ಜೀಪು ಬಲ್ಲ ಗಿರಾಕಿ ಬಾನೆಟ್ ಎತ್ತುವ ಮೊದಲು ಮಂಡಿಯೂರುತ್ತಾನೆ. ಡ್ರೈವರಿನ ಕಾಲಡಿಯ ಮ್ಯಾಟ್ ಮಗುಚುತ್ತಾನೆ. ಹುಡ್ಡಿನ ಅಂಚಿನಿಂದ ಇಳಿದ ಮಳೆನೀರು ಸೇರಿ ನಿಲ್ಲುವ ಜಾಗ ಅದು. ತುಕ್ಕು ಮೊದಲು ತಿನ್ನುವುದೂ ಅಲ್ಲೇ. ಆಮೇಲೆ ಬೆರಳಿನ ಗೆಣ್ಣಿನಿಂದ ಬಾಡಿಯ ಕೆಳಭಾಗವನ್ನು ತಟ್ಟುತ್ತ ಹೋಗುತ್ತಾನೆ. ಗಟ್ಟಿ ತಗಡು ಟಣ್ ಎನ್ನುತ್ತದೆ, ಪುಟ್ಟಿ ತುಂಬಿದ ಜಾಗ ದಪ್ ಎನ್ನುತ್ತದೆ. ಕೆಲವರು ಚಿಕ್ಕ ಅಯಸ್ಕಾಂತವನ್ನೇ ಜೇಬಿನಲ್ಲಿಟ್ಟುಕೊಂಡು ಬರುತ್ತಾರೆ. ಪುಟ್ಟಿಯ ಮೇಲೆ ಅದು ಅಂಟುವುದಿಲ್ಲ. ನಮ್ಮ ಸೀಮೆಯ ಬಡತನವೇ ಇಲ್ಲಿ ನಮ್ಮ ಆಸ್ತಿ. ಇಲ್ಲಿ ಮಳೆ ಕಡಿಮೆ, ಕಡಲಿನ ಉಪ್ಪುಗಾಳಿ ಇಲ್ಲ. ಬಿಸಿಲಿಗೆ ಬಣ್ಣ ಮಾಸುತ್ತದೆ, ರಬ್ಬರು ಬಿರಿಯುತ್ತದೆ, ಕ್ಯಾನ್ವಾಸ್ ಸೀಳುತ್ತದೆ. ತಗಡು ಮಾತ್ರ ಕರಾವಳಿಯ ಜೀಪಿಗಿಂತ ಚೆನ್ನಾಗಿ ಉಳಿದಿರುವ ಸಂಭವ ಹೆಚ್ಚು. ಮಾಸಿದ ಹಳೆ ಬಣ್ಣದ ಕೆಳಗೆ ತಗಡು ಗಟ್ಟಿಯಾಗಿರುವುದು ಯಾರ ಕಣ್ಣಿಗಾದರೂ ಕಾಣುತ್ತದೆ. ಅದರ ಮೇಲೆ ಫಳಫಳ ಬಣ್ಣ ಬಳಿದರೆ ಗಿರಾಕಿಯ ಮೊದಲ ಪ್ರಶ್ನೆ ಒಂದೇ: ಇದರ ಕೆಳಗೆ ಏನು ಮುಚ್ಚಿಟ್ಟಿದ್ದೀರಿ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಅವನಿಗೂ ಗೊತ್ತು.

ಇದಕ್ಕೆ ಎದುರಾಗಿ ಬರುವ ದೊಡ್ಡ ಮಾತು ಎಂದರೆ, ಕುಂದು ಹೇಳಿದಷ್ಟೂ ಬೆಲೆ ಇಳಿಯುತ್ತದೆ ಎಂಬುದು. ಸ್ಟೀರಿಂಗಿನಲ್ಲಿ ಆಟ ಇದೆ, ಎರಡನೇ ಗೇರು ಜಾರುತ್ತದೆ, ಆಯಿಲ್ ಸೋರುತ್ತದೆ ಎಂದು ನಾವೇ ಎಣಿಸಿ ಕೊಟ್ಟರೆ ಅವನು ಒಂದೊಂದಕ್ಕೂ ಇಷ್ಟಿಷ್ಟು ಎಂದು ಕಡಿಯುವುದಿಲ್ಲವೇ? ಕಡಿಯುತ್ತಾನೆ, ನಿಜ. ಆದರೆ ಹೇಳದಿದ್ದರೆ ಅದಕ್ಕಿಂತ ಹೆಚ್ಚು ಕಡಿಯುತ್ತಾನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಸಿದ್ಧ ಲೇಖನ ಹಳೆ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿ ಹಿಡಿದಿತ್ತು; 2001ರಲ್ಲಿ ಅವರಿಗೆ ನೊಬೆಲ್ ಬಂತು. ಅದರ ಸಾರ ನಮ್ಮ ಸಂತೆಯವರಿಗೆ ಹೊಸದೇನಲ್ಲ. ಗಾಡಿಯ ಒಳಗುಟ್ಟು ಮಾರುವವನಿಗೆ ಮಾತ್ರ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಅವನು ಎಲ್ಲವೂ ಕೆಟ್ಟಿರಬಹುದು ಎಂಬ ಅಂಜಿಕೆಯಲ್ಲೇ ಬೆಲೆ ಕೇಳುತ್ತಾನೆ. ಆ ಬೆಲೆಗೆ ಒಳ್ಳೆ ಮಾಲಿನವನು ಪೇಟೆಗೇ ಬರುವುದಿಲ್ಲ. ದನದ ಸಂತೆಯಲ್ಲಿ ಎತ್ತಿನ ಬಾಯಿ ತೆರೆಸಿ ಹಲ್ಲು ಎಣಿಸುವುದು, ಸುಳಿ ನೋಡುವುದು, ನಡೆಸಿ ನೋಡುವುದು ಯಾಕೆ? ಅದೇ ಅಂಜಿಕೆಯನ್ನು ಕಳೆಯುವುದಕ್ಕೆ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವಾಗ ಗುಟ್ಟಾಗಿರುವುದು ಬೆಲೆಯೊಂದೇ, ಎತ್ತು ಬಯಲಲ್ಲೇ ನಿಂತಿರುತ್ತದೆ. ಜೀಪಿಗೂ ಇದೇ ನ್ಯಾಯ. ನಾಲ್ಕು ಕುಂದನ್ನು ತಾನಾಗಿ ಹೇಳಿದವನು ಐದನೆಯದಿಲ್ಲ ಎಂದರೆ ನಂಬುತ್ತಾರೆ. ಏನೂ ಇಲ್ಲ ಎಂದವನ ಜೀಪಿನಲ್ಲಿ ಒಂದು ಸಿಕ್ಕರೂ ಉಳಿದದ್ದನ್ನೆಲ್ಲ ಅನುಮಾನದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ.

ಹಾಗಾದರೆ ಒಂದು ಪೈಸೆಯೂ ಹಾಕದೆ ಇದ್ದದ್ದನ್ನು ಇದ್ದ ಹಾಗೆ ನೂಕಿಬಿಡಬೇಕೇ ಎಂದು ಕೇಳಬಹುದು. ಅದೂ ಸರಿಯಲ್ಲ. ಓಡುತ್ತದೆ ಎಂಬ ಮಾತಿನ ಮೇಲೆ ಮಾರುತ್ತಿರುವಾಗ ಓಡುವುದರ ಜೊತೆಗೆ ನಿಲ್ಲುವುದೂ ಸೇರಿದೆ. ಬ್ರೇಕ್ ಸಿಲಿಂಡರಿನ ರಬ್ಬರು, ಸ್ಟೀರಿಂಗ್ ಜಾಯಿಂಟು, ಸಾಯುತ್ತಿರುವ ಬ್ಯಾಟರಿ, ಹೆಡ್‌ಲೈಟಿನ ವೈರಿಂಗು ಇವೆಲ್ಲ ಬಣ್ಣದ ಖರ್ಚಿಗೆ ಹೋಲಿಸಿದರೆ ಸಣ್ಣವು. ಆದರೆ ಜೀಪು ತಾನಾಗಿ ಸ್ಟಾರ್ಟ್ ಆಗಿ, ನೇರ ಓಡಿ, ತುಳಿದ ಕಡೆ ನಿಂತರೆ ಗಿರಾಕಿಯ ಲೆಕ್ಕವೇ ಬದಲಾಗುತ್ತದೆ. ನಿಂತ ಜೀಪನ್ನು ಲಾರಿಗೆ ಏರಿಸಿ ಒಯ್ಯಬೇಕು, ಓಡುವ ಜೀಪನ್ನು ಅವನೇ ಓಡಿಸಿಕೊಂಡು ಹೋಗುತ್ತಾನೆ. ಹರಿದ ಹುಡ್ಡನ್ನು ಮಾತ್ರ ಹಾಗೇ ಬಿಡಿ. ಹೊಲಿಸಿದರೆ ಹೊಲಿಗೆ ಕಾಣುತ್ತದೆ, ಹೊಸದು ಹಾಕಿಸಿದರೆ ಅವನ ಇಷ್ಟಕ್ಕೆ ಬರುವುದಿಲ್ಲ. ಹುಡ್ಡಿನ ಕಂಬಿಗಳು ಮೂಲದವೇ ಆಗಿದ್ದು ಸೊಟ್ಟಗಾಗದೆ ಇದ್ದರೆ ಸಾಕು, ಬಟ್ಟೆ ಎಲ್ಲಾದರೂ ಹೊಲಿಯುತ್ತಾರೆ.

ಇನ್ನು ಕಾಗದಪತ್ರ. ಹಳೆ ಜೀಪಿನ ವ್ಯಾಪಾರ ಮುರಿಯುವುದು ತುಕ್ಕಿಗಿಂತ ಹೆಚ್ಚಾಗಿ ಇಲ್ಲಿಯೇ ಎಂಬುದು ನನ್ನ ತಿಳಿವಳಿಕೆ. ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದ ಜೀಪುಗಳು ನಮ್ಮಲ್ಲಿ ಬಹಳ. ಆ ಬದಲಾವಣೆ ಆರ್‌ಸಿಯಲ್ಲಿ ಏರಿಲ್ಲದಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿ ಓಡಲಿ, ತಿಳಿದವನು ಹಿಂದೆ ಸರಿಯುತ್ತಾನೆ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರು, ಜೀಪುಗಳಿಗೆ ಅದರ ಶುಲ್ಕ 5,000 ರೂಪಾಯಿ ಆಯಿತು, 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ಮೀರಿದವಕ್ಕೆ 10,000ಕ್ಕೆ ಏರಿತು. ಮಾರುವ ಮುನ್ನ ಖರ್ಚು ಮಾಡಲೇಬೇಕೆಂದರೆ ಇದು ಸಾರ್ಥಕವಾದ ಖರ್ಚು. ಹರಪನಹಳ್ಳಿಯವರಿಗೆ ಇನ್ನೊಂದು ಗೋಜು: ತಾಲೂಕು 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಆದ್ದರಿಂದ ಅಲ್ಲಿನ ಗಾಡಿಗಳ ಮೇಲೆ ದಾವಣಗೆರೆಯ ಕೆಎ 17 ಕಾಣುವುದೂ ಉಂಟು, ಹೊಸಪೇಟೆಯ ಕೆಎ 35 ಕಾಣುವುದೂ ಉಂಟು. ಆರ್‌ಸಿಯ ವಿಳಾಸ ಇಂದಿನದೇ ಎಂದು ಮೊದಲೇ ನೋಡಿಕೊಳ್ಳುವುದು ಮೇಲು. ಆಂಧ್ರದ ಕಡೆಯವರು ಕೊಂಡರೆ ಎನ್‌ಒಸಿಯೂ ಬೇಕು.

ಸಹಿ ಹಾಕಿದ ಖಾಲಿ ಫಾರಂ 29, 30 ಕೊಟ್ಟು ಕೈ ತೊಳೆದುಕೊಂಡರೆ ಸಾಕು, ಉಳಿದದ್ದು ದಲ್ಲಾಳಿ ನೋಡಿಕೊಳ್ಳುತ್ತಾನೆ ಎನ್ನುವವರು ಇದ್ದಾರೆ. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ರಾಜ್ಯದೊಳಗೆ ಮಾರಿದವನು ಹದಿನಾಲ್ಕು ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಖಡಾಖಂಡಿತವಾಗಿ ಹೇಳಿತು: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ. ಅಂದರೆ ಜೀಪು ನಾಲ್ಕು ಕೈ ದಾಟಿ ಎಲ್ಲಿಯೋ ಗುದ್ದಿದರೂ ನೋಟೀಸು ಬರುವುದು ನಮ್ಮ ಮನೆಗೆ. ಇನ್ನು ‘ವಿಂಟೇಜ್’ ಎಂದು ನೋಂದಾಯಿಸಿದರೆ ಬೆಲೆ ಏರುತ್ತದೆ ಎಂಬ ಆಸೆ. 2021ರ ನಿಯಮದಂತೆ ಐವತ್ತು ವರ್ಷ ಮೀರಿದ ಗಾಡಿಗಳಿಗೆ ಆ ಅವಕಾಶ ಇದೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕವೂ ಇದೆ. ಆದರೆ ಆಮೇಲೆ ಅದನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವಂಥ ಕೆಲಸಕ್ಕಷ್ಟೇ ರಸ್ತೆಗೆ ಇಳಿಸಬಹುದು. ನಮ್ಮ ಜೀಪಿನ ಬೆಲೆಯೇ ಅದರ ಓಡಾಟದಲ್ಲಿರುವಾಗ ಓಡಾಟವನ್ನೇ ಕಟ್ಟಿಹಾಕಿ ಬೆಲೆ ಕೇಳುವುದು ಎತ್ತಿಗೆ ಕೊಂಬೆಣಸು ಹಾಕಿ ಕೊಟ್ಟಿಗೆಯಲ್ಲೇ ಕಟ್ಟಿದಂತೆ. ಆ ನೋಂದಣಿ ಬೇಕೋ ಬೇಡವೋ ಎಂಬುದನ್ನು ಕೊಂಡವನು ತೀರ್ಮಾನಿಸಲಿ.

ಆದ್ದರಿಂದ ಬಣ್ಣದ ಡಬ್ಬಿಯ ಬದಲು ಒಂದು ಹಾಳೆ ತೆಗೆದುಕೊಳ್ಳಿ ಎನ್ನುತ್ತೇನೆ. ಅದರ ಎಡಕ್ಕೆ ಸರಿಯಿರುವುದನ್ನೂ ಬಲಕ್ಕೆ ಕೆಟ್ಟಿರುವುದನ್ನೂ ಬರೆಯಿರಿ. ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಆರ್‌ಸಿಗೆ ತಾಳೆ ನೋಡಿ ಕೆಳಗೆ ನಮೂದಿಸಿ. ಜೀಪು ಕೊಡುವ ದಿನ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಮೂರು ತಿಂಗಳ ಮೇಲೆ ಎರಡನೇ ಗೇರು ಜಾರಿತು ಎಂದು ಫೋನು ಬಂದರೆ, ಬಲಗಡೆ ಮೂರನೇ ಸಾಲು ನೋಡಿ ಎಂದರೆ ಮುಗಿಯಿತು.