ಮಿಸ್ಸಿಂಗ್ ಯಾವಾಗ ಹೊಡೀತದೆ?

ಸಿಯಾಟಲ್ ಪಕ್ಕದ ಬೆಲ್‌ವ್ಯೂ ಊರಿನಲ್ಲಿ ಅಕ್ಟೋಬರ್ ಕಾಲಿಟ್ಟಿತೆಂದರೆ ಏಪ್ರಿಲ್‌ವರೆಗೂ ಜಿಟಿಜಿಟಿ. ನಮ್ಮ ಸಾಗರದ ಮಳೆಯ ಹಾಗೆ ಹೆಂಚು ಒಡೆಯುವಂತೆ ಸುರಿದು ಒಂದು ಗಳಿಗೆ ಸುಮ್ಮನಾಗುವ ಜಾತಿಯದಲ್ಲ ಇದು. ಗಾಳಿಯೇ ಒದ್ದೆ. ಅಂಥ ಒಂದು ನವೆಂಬರ್ ಬೆಳಗ್ಗೆ, ಮನೆಯಿಂದ ಎರಡು ಮೈಲಿ ದೂರದ ಏರಿನಲ್ಲಿ, ನಾಲ್ಕನೇ ಗೇರಿನಲ್ಲಿದ್ದ ನನ್ನ ಕಾರು ಬಿಕ್ಕಳಿಸಿತು. ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿ ಜಗ್ಗಿ ಬಿಟ್ಟ ಹಾಗೆ. ಏರು ಮುಗಿಯಿತು, ಬಿಕ್ಕಳಿಕೆಯೂ ನಿಂತಿತು. ವಾಪಸು ಬರುವಾಗ ಏನೂ ಇಲ್ಲ.

ಕಾರು 1990ರ ಕೆಂಪು ಮಜ್ದಾ ಮಿಯಾಟಾ. ಎರಡೇ ಸೀಟು, ಬಟ್ಟೆಯ ಮೇಲ್ಚಾವಣಿ, 1597 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, 116 ಅಶ್ವಶಕ್ತಿ, ತೂಕ ಸುಮಾರು ಒಂದು ಟನ್. 1989ರ ಫೆಬ್ರವರಿಯಲ್ಲಿ ಶಿಕಾಗೋ ಮೋಟಾರು ಪ್ರದರ್ಶನದಲ್ಲಿ ಇದು ಮೊದಲು ಕಾಣಿಸಿಕೊಂಡಾಗ, ಅರವತ್ತರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಸುಖ ಅವುಗಳ ತಲೆನೋವಿಲ್ಲದೆ ಸಿಕ್ಕಿತು ಎಂದು ಜನ ಕುಣಿದಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಮೂವತ್ತು ದಾಟಿದ ಮೇಲೆ ರಬ್ಬರು ರಬ್ಬರೇ, ಯಾವ ದೇಶದಲ್ಲಿ ಮಾಡಿದ್ದಾದರೂ.

ಆ ಬಿಕ್ಕಳಿಕೆ ವಾರಕ್ಕೊಮ್ಮೆ ಬಂತು, ನಾಲ್ಕು ದಿನ ಬಿಟ್ಟು ಬಂತು, ಹತ್ತು ದಿನ ಮಾಯವಾಯಿತು. ನಾನು ಓದಿದ್ದು ಎಂಜಿನಿಯರಿಂಗ್, ಮಾಡುವುದು ಸಾಫ್ಟ್‌ವೇರ್ ಕೆಲಸ. ಆಫೀಸಿನಲ್ಲಿ ಯಾರಾದರೂ ದೋಷ ಎಲ್ಲಿದೆ ಎಂದು ನೋಡದೆ ಕೋಡ್ ತಿದ್ದಲು ಹೊರಟರೆ ಕೈ ಹಿಡಿದು ನಿಲ್ಲಿಸುವವನು. ಅದೇ ನಾನು ಮನೆಯ ಗ್ಯಾರೇಜಿನಲ್ಲಿ ಮಾಡಿದ್ದು ಮಾತ್ರ ಬೇರೆ. ಮೊದಲು ಪೆಟ್ರೋಲ್ ಟ್ಯಾಂಕಿಗೆ ಇಂಜೆಕ್ಟರ್ ತೊಳೆಯುವ ಔಷಧದ ಬಾಟಲಿ ಸುರಿದೆ. ಆಮೇಲೆ ಒಂದು ಶನಿವಾರ ಕಾರಿನಡಿ ಮಲಗಿ, ಮೊಣಕೈವರೆಗೆ ಪೆಟ್ರೋಲ್ ಇಳಿಸಿಕೊಂಡು ಫ್ಯೂಯೆಲ್ ಫಿಲ್ಟರ್ ಬದಲಿಸಿದೆ. ಅದೇ ದಿನ, ಹೇಗೂ ಕೈ ಕೊಳೆಯಾಗಿದೆಯಲ್ಲ ಎಂದು ಪ್ಲಗ್ ವೈರುಗಳನ್ನು ಕಿತ್ತು, ಒಣಬಟ್ಟೆಯಲ್ಲಿ ಒರೆಸಿ, ಮತ್ತೆ ಒತ್ತಿ ಕೂರಿಸಿದೆ.

ಮೂರು ವಾರ ಕಾರು ಸದ್ದಿಲ್ಲದೆ ಓಡಿತು. ಫಿಲ್ಟರೇ ಕಳ್ಳ ಎಂದು ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದೆ. ಈಗ ಹಿಂತಿರುಗಿ ನೋಡಿದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸಿದ್ದು ಆ ಮೂರು ವಾರ. ಒಂದೇ ದಿನ ಎರಡು ಕೆಲಸ ಮಾಡಿದ್ದೆ. ಅದರ ಮೇಲೆ ಆ ಮೂರು ವಾರವೂ ಚಳಿಯ ಒಣ ಹವೆ ಇತ್ತು. ಇದಾವುದೂ ನನಗೆ ಆಗ ಲೆಕ್ಕಕ್ಕೆ ಬರಲಿಲ್ಲ.

ಮತ್ತೆ ಮಳೆ ಬಂತು, ಜೊತೆಗೆ ಬಿಕ್ಕಳಿಕೆಯೂ. ಈ ಸಲ ಹಳೆಯದೊಂದು ಕಾಯಿಲ್ ಪ್ಯಾಕ್ ತರಿಸಿಕೊಂಡೆ, ಹಾಕಿದೆ, ಏನೂ ಪ್ರಯೋಜನವಾಗಲಿಲ್ಲ. ಗ್ಯಾರೇಜೊಂದಕ್ಕೆ ಬಿಟ್ಟುಬಂದೆ. ಅಲ್ಲಿ ಎರಡು ದಿನ ಇಟ್ಟುಕೊಂಡರು. ಎರಡೂ ದಿನ ಬಿಸಿಲು! ಅಮೆರಿಕದಲ್ಲಿ 1996ರಿಂದೀಚಿನ ಕಾರುಗಳಿಗೆ ಸ್ಕ್ಯಾನರ್ ಸಿಕ್ಕಿಸಿದರೆ ಯಾವ ಸಿಲಿಂಡರ್ ತಪ್ಪುತ್ತಿದೆ ಎಂಬುದನ್ನು ಕಾರೇ ಹೇಳುತ್ತದೆ. ನನ್ನದಕ್ಕೆ ಆ ಭಾಗ್ಯವಿಲ್ಲ. ಬಾನೆಟ್ ಕೆಳಗಿನ ಪುಟ್ಟ ಪೆಟ್ಟಿಗೆಯಲ್ಲಿ ಎರಡು ತೂತುಗಳ ನಡುವೆ ತಂತಿ ತುಂಡು ಸಿಕ್ಕಿಸಿ, ದೀಪದ ಮಿಣುಕು ಎಣಿಸಿ ಸೆನ್ಸರುಗಳ ದೂರು ಕೇಳಬಹುದು, ಅಷ್ಟೇ. ಕಿಡಿ ತಪ್ಪಿತೋ ಇಲ್ಲವೋ ಎಂದು ಗಮನಿಸುವ ಬುದ್ಧಿ ಆ ಕಾಲದ ಕಂಪ್ಯೂಟರಿಗೆ ಇರಲಿಲ್ಲ. ಮೆಕ್ಯಾನಿಕ್ ಬೀಗದ ಕೈ ವಾಪಸು ಕೊಡುತ್ತ, ನನ್ನ ಮುಂದೆ ಕೆಮ್ಮದ ರೋಗಿಗೆ ನಾನೇನು ಔಷಧ ಕೊಡಲಿ ಎಂಬರ್ಥದ ಮಾತಾಡಿದ.

ಆ ಭಾನುವಾರ ಸಾಗರಕ್ಕೆ ಫೋನು ಮಾಡಿದಾಗ ಅಪ್ಪಯ್ಯನ ಹತ್ತಿರ ಹೇಳಿಕೊಂಡೆ. ಕಾಯಿಲ್ ಬದಲಿಸಿದ್ದು, ಫಿಲ್ಟರ್ ಬದಲಿಸಿದ್ದು, ಎಲ್ಲ.

“ಅದೆಲ್ಲ ಇರ್ಲಿ ಮಾರಾಯ. ಮಿಸ್ಸಿಂಗ್ ಯಾವಾಗ ಹೊಡೀತದೆ?”

“ಯಾವಾಗಂದ್ರೆ... ಒಂದೊಂದ್ಸಲ.”

“ಒಂದೊಂದ್ಸಲ ಅಂದ್ರೆ ಯಾವ ಸಲ?”

ಉತ್ತರ ನನ್ನ ಬಳಿ ಇರಲಿಲ್ಲ. ಅಪ್ಪಯ್ಯನ ಬಳಿ ಮೈಸೂರಿನಲ್ಲೇ ತಯಾರಾದ ಒಂದು ಯೆಜ್ಡಿ ಇತ್ತು. ಮಳೆಗಾಲದಲ್ಲಿ ತಾಳಗುಪ್ಪದ ದಾರಿಯಲ್ಲಿ ಅದು ಮಿಸ್ಸಿಂಗ್ ಹೊಡೆದರೆ ಮರದಡಿ ನಿಲ್ಲಿಸಿ, ಪ್ಲಗ್ಗಿನ ಟೋಪಿ ಕಿತ್ತು, ಪಂಚೆಯ ಚುಂಗಿನಲ್ಲಿ ಒರೆಸಿ, ಉಫ್ ಎಂದು ಊದಿ ಹಾಕುತ್ತಿದ್ದರು. ಜೂನ್ ಬಂತೆಂದರೆ ಅದರ ಮೇಲೊಂದು ಹಳೇ ಸೈಕಲ್ ಟ್ಯೂಬಿನ ತುಂಡು ಬೀಳುತ್ತಿತ್ತು. ಹಿಂದೆ ಕೂತು ಕೊಡೆ ಹಿಡಿದವನು ನಾನೇ. ಅದು ನೆನಪಾಗಲು ಅಷ್ಟು ತಿಂಗಳು ಬೇಕಾಯಿತು ನೋಡಿ.

ಮರುದಿನ ಕಾರಿನಲ್ಲಿ ಒಂದು ನೋಟ್‌ಬುಕ್ಕು, ಪೆನ್ಸಿಲ್ ಇಟ್ಟೆ. ಹವೆ ಹೇಗಿತ್ತು, ಹೊರಟು ಎಷ್ಟು ನಿಮಿಷವಾಗಿತ್ತು, ಯಾವ ಗೇರು, ಏರೋ ಇಳಿಜಾರೋ, ಕಾಲು ಎಷ್ಟು ಒತ್ತಿತ್ತು, ಸದ್ದು ಹೇಗಿತ್ತು. ಬೇರೇನನ್ನೂ ಮುಟ್ಟಬಾರದು ಎಂದು ನನಗೆ ನಾನೇ ಆಣೆ ಹಾಕಿಕೊಂಡೆ. ಇದು ಫಿಲ್ಟರ್ ಬದಲಿಸುವುದಕ್ಕಿಂತ ಕಷ್ಟದ ಕೆಲಸ. ಐದು ವಾರದಲ್ಲಿ ಹದಿನಾಲ್ಕು ಸಾಲು ಬರೆದಿದ್ದೆ. ಅಡುಗೆಮನೆಯ ಮೇಜಿನ ಮೇಲೆ ನೋಟ್‌ಬುಕ್ಕು ಬಿಡಿಸಿಟ್ಟಿದ್ದಾಗ ಹೆಂಡತಿ ಒಮ್ಮೆ ಕಣ್ಣಾಡಿಸಿ, “ಇದು ಎರಡು ಕಾರಿನ ಲೆಕ್ಕದ ಹಾಗಿದೆಯಲ್ರೀ” ಎಂದಳು.

ಹೌದಲ್ಲ. ಒಂಬತ್ತು ಸಾಲು ಒದ್ದೆ ದಿನದವು: ಹೊರಟ ಹತ್ತು ನಿಮಿಷದೊಳಗೆ, ಏರಿನಲ್ಲಿ, ಮೇಲಿನ ಗೇರಿನಲ್ಲಿ, ಒಂದೇ ತಾಳದಲ್ಲಿ ಟಕ್ ಟಕ್ ಟಕ್. ಉಳಿದ ಐದು ಒಣ ದಿನದವು: ಸಿಗ್ನಲ್ಲಿನಿಂದ ಹೊರಡುವಾಗ, ಒಂದನೇ ಅಥವಾ ಎರಡನೇ ಗೇರಿನಲ್ಲಿ, ಕಾಲು ಗಟ್ಟಿಯಾಗಿ ಒತ್ತಿದಾಗ. ಅಲ್ಲಿ ತಾಳವಿಲ್ಲ. ಒಮ್ಮೆ ಉಸಿರೇ ನಿಂತಂತಾಗಿ ಮತ್ತೆ ಚೇತರಿಕೆ. ಎರಡನ್ನೂ ನಾನು ಇಷ್ಟು ದಿನ ಒಂದೇ ರೋಗವೆಂದು ಕರೆದಿದ್ದೆ. ಒಂದನ್ನು ಹುಡುಕುವಾಗ ಇನ್ನೊಂದು ಬಂದು ಸಾಕ್ಷಿ ಕೆಡಿಸುತ್ತಿತ್ತು.

ಮೊದಲನೆಯದನ್ನು ಹಿಡಿದದ್ದು ರಾತ್ರಿ. ಗ್ಯಾರೇಜಿನ ದೊಡ್ಡ ಬಾಗಿಲು ಪೂರ್ತಿ ತೆರೆದಿಟ್ಟು (ಹೊಗೆ ಒಳಗೆ ತುಂಬಿದರೆ ಪ್ರಾಣಕ್ಕೇ ಅಪಾಯ), ದೀಪ ಆರಿಸಿ, ಎಂಜಿನ್ ಚಾಲೂ ಮಾಡಿ, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಪ್ಲಗ್ ವೈರುಗಳ ಮೇಲೆ ಮಂಜಿನಂತೆ ನೀರು ಹಾಯಿಸಿದೆ. ಮೂರನೇ ಸಿಲಿಂಡರಿನ ವೈರಿನ ಬುಡದಲ್ಲಿ ನೀಲಿ ಕಿಡಿಗಳು ಹುಳದಂತೆ ಹರಿದಾಡಿದವು. ಎಂಜಿನ್ ಕುಂಟತೊಡಗಿತು. ಖಚಿತಪಡಿಸಿಕೊಳ್ಳಲು ಇಂಜೆಕ್ಟರುಗಳ ಕನೆಕ್ಟರ್ ಒಂದೊಂದಾಗಿ ಬಿಚ್ಚಿದೆ. ಒಂದು, ಎರಡು, ನಾಲ್ಕು ಬಿಚ್ಚಿದಾಗ ಎಂಜಿನ್ ಇನ್ನಷ್ಟು ಕುಗ್ಗಿತು. ಮೂರನೆಯದನ್ನು ಬಿಚ್ಚಿದರೆ ಅದಕ್ಕೆ ಗೊತ್ತೇ ಆಗಲಿಲ್ಲ. ಕೆಲಸವೇ ಮಾಡದವನು ರಜೆ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ.

ಆ ವೈರನ್ನು ನಾನು ಹಿಂದೆ ಮಲ್ಟಿಮೀಟರಿನಲ್ಲಿ ಅಳೆದಿದ್ದೆ, ಪಾಸಾಗಿತ್ತು. ಮೀಟರು ಕಳಿಸುವುದು ಒಂದೆರಡು ವೋಲ್ಟು. ಅದು ಒಳಗಿನ ತಂತಿ ತುಂಡಾಗಿದೆಯೇ ಎಂದಷ್ಟೇ ಹೇಳಬಲ್ಲದು. ಸುತ್ತಲಿನ ರಬ್ಬರು 20,000 ವೋಲ್ಟನ್ನು ಒಳಗೇ ಹಿಡಿದಿಡಬಲ್ಲುದೇ ಎಂಬುದು ಬೇರೆಯದೇ ಪರೀಕ್ಷೆ. ಏರಿನಲ್ಲಿ ಮಾತ್ರ ಯಾಕೆ ಎಂಬುದಕ್ಕೂ ಉತ್ತರ ಅಲ್ಲೇ ಇದೆ: ಕಾಲು ಒತ್ತಿದಷ್ಟೂ ಸಿಲಿಂಡರಿನೊಳಗೆ ಗಾಳಿ ತುಂಬಿ ಒತ್ತಡ ಏರುತ್ತದೆ, ಆ ಒತ್ತಡದಲ್ಲಿ ಪ್ಲಗ್ಗಿನ ಸಂದು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಒಳದಾರಿ ಕಷ್ಟವಾದಾಗ ಹೊರಗಿನ ಒದ್ದೆ ದಾರಿ ಸುಲಭ. ಕಾಯಿಲ್ ತರಿಸಿದ್ದಂತೂ ಶುದ್ಧ ದಂಡ. ಈ ಎಂಜಿನ್ನಿಗೆ ಡಿಸ್ಟ್ರಿಬ್ಯೂಟರ್ ಇಲ್ಲ. ಎರಡು ಕಾಯಿಲುಗಳಲ್ಲಿ ಒಂದು 1 ಮತ್ತು 4ಕ್ಕೆ, ಇನ್ನೊಂದು 2 ಮತ್ತು 3ಕ್ಕೆ ಕಿಡಿ ಕೊಡುತ್ತದೆ. ಕಾಯಿಲೇ ಕೈಕೊಟ್ಟಿದ್ದರೆ ಜೋಡಿಯೇ ಮಲಗಬೇಕಿತ್ತು. ಒಂದೇ ಸಿಲಿಂಡರ್ ಎಂದು ಮೊದಲೇ ಕಂಡುಕೊಂಡಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಹೊಸ ವೈರು ಹಾಕುವ ಮುಂಚೆ ಪ್ಲಗ್ ಬಿಚ್ಚಿದ್ದು ಒಳ್ಳೆಯದೇ ಆಯಿತು. ಮೂರನೇ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಲ್ಲಿ ಎಳೆದಂತೆ ಸಣ್ಣ ಕಪ್ಪು ಗೆರೆ. ಕಿಡಿ ಓಡಾಡಿ ಓಡಾಡಿ ಮಾಡಿಕೊಂಡ ಕಾಲುದಾರಿ ಅದು. ಒರೆಸಿದರೆ ಹೋಗುವುದಿಲ್ಲ. ಹಳೇ ಪ್ಲಗ್ ಹಾಗೇ ಬಿಟ್ಟಿದ್ದರೆ ಹೊಸ ವೈರಿನ ಕಿಡಿಯೂ ಅದೇ ದಾರಿ ಹಿಡಿದು, ನಾನು ಮತ್ತೆ ಫಿಲ್ಟರಿನತ್ತ ನೋಡುತ್ತಿದ್ದೆನೇನೋ. ಪ್ಲಗ್ ಕೂರುವ ಗುಂಡಿಯಲ್ಲಿ ಎಣ್ಣೆಯೂ ನಿಂತಿತ್ತು. ಮೇಲಿನ ವಾಲ್ವ್ ಕವರಿನ ಗ್ಯಾಸ್ಕೆಟ್ ಗಟ್ಟಿಯಾಗಿ ಸೋರುತ್ತಿತ್ತು. ನಾಲ್ಕು ವೈರು, ನಾಲ್ಕು ಪ್ಲಗ್, ಒಂದು ಗ್ಯಾಸ್ಕೆಟ್. ಹಾಕಿ, ಮತ್ತೆ ನೀರು ಚಿಮುಕಿಸಿ ನೋಡಿದೆ. ಕತ್ತಲೆ ಕತ್ತಲೆಯಾಗಿಯೇ ಇತ್ತು.

ಎರಡನೆಯದು ಹಗಲಿನಲ್ಲೇ ಸಿಕ್ಕಿತು. ಈ ಮಾದರಿಯಲ್ಲಿ ಒಳಗೆ ಹೋಗುವ ಗಾಳಿಯನ್ನು ಒಂದು ಕದ ತಳ್ಳಿಸಿ ಅಳೆಯುತ್ತಾರೆ. ಕದ ಎಷ್ಟು ತೆರೆಯಿತೋ ಅದನ್ನು ನೋಡಿ ಪೆಟ್ರೋಲಿನ ಲೆಕ್ಕ. ಪೂರ್ತಿ ಮುಚ್ಚಿದರೆ ಪೆಟ್ರೋಲ್ ಪಂಪೇ ನಿಲ್ಲುತ್ತದೆ. ಆ ಮೀಟರಿನಿಂದ ಎಂಜಿನ್ನಿನ ಮುಂದುಗಡೆ ಹಾದು ಥ್ರಾಟಲಿಗೆ ಹೋಗುವ ದಪ್ಪ ರಬ್ಬರ್ ಪೈಪು ಇದೆ, ಮಧ್ಯೆ ಹಾರ್ಮೋನಿಯಂ ತಿದಿಯಂತೆ ಮಡಿಕೆಗಳು. ಒಂದು ತುದಿ ಬಾಡಿಗೆ, ಇನ್ನೊಂದು ಎಂಜಿನ್ನಿಗೆ. ಗಟ್ಟಿಯಾಗಿ ಕಾಲು ಒತ್ತಿದರೆ ಎಂಜಿನ್ ತನ್ನ ರಬ್ಬರ್ ಬುಡಗಳ ಮೇಲೆ ವಾಲುತ್ತದೆ, ಪೈಪು ಎಳೆಯಲ್ಪಡುತ್ತದೆ. ಬಿಚ್ಚಿ ಕೈಯಲ್ಲಿ ಹಿಡಿದಾಗ ಅದು ಪೂರ್ತಿ ಚೆನ್ನಾಗಿಯೇ ಕಂಡಿತು. ಒಳಗೆ ಟಾರ್ಚ್ ಇಟ್ಟು ಬಗ್ಗಿಸಿದಾಗ ಒಂದು ಮಡಿಕೆಯ ಅಡಿಯಲ್ಲಿ ಬೆರಳುದ್ದದ ಬೆಳಕಿನ ಗೆರೆ ತೆರೆದುಕೊಂಡಿತು. ಅಲ್ಲಿಂದ ನುಗ್ಗಿದ ಗಾಳಿಗೆ ಲೆಕ್ಕವಿಲ್ಲ, ಅದರ ಪಾಲಿನ ಪೆಟ್ರೋಲೂ ಇಲ್ಲ. ಬಾನೆಟ್ ಎತ್ತಿ ನಿಂತಲ್ಲೇ ಎಷ್ಟು ನೋಡಿದ್ದರೂ ಈ ಬಿರುಕು ಕಾಣುತ್ತಿರಲಿಲ್ಲ. ನೋಡುವಾಗ ಅದು ಮುಚ್ಚಿಕೊಂಡೇ ಇರುತ್ತಿತ್ತು.

ಅಪ್ಪಯ್ಯನಿಗೆ ಟಾರ್ಚಿನ ಫೋಟೋ ಕಳಿಸಿದೆ. “ಆ ಕಾಯಿಲ್ ವಾಪಸ್ ತಗೊಳ್ತಾರಾ?” ಎಂದಷ್ಟೇ ಕೇಳಿದರು. ತೆಗೆದುಕೊಳ್ಳುವುದಿಲ್ಲ. ಶೆಲ್ಫಿನ ಮೇಲೆ ಕೂತಿದೆ.

ಅಲ್ಲಿಂದೀಚೆಗೆ ಎರಡು ಮಳೆಗಾಲ ಕಳೆದಿವೆ, ಸ್ನೋಕ್ವಾಲ್ಮಿ ಜಲಪಾತದವರೆಗೆ ಒದ್ದೆ ರಸ್ತೆಯಲ್ಲಿ ಎಷ್ಟೋ ಸಲ ಹೋಗಿಬಂದಿದ್ದೇನೆ. ನೋಟ್‌ಬುಕ್ಕು ಇನ್ನೂ ಕಾರಿನಲ್ಲೇ ಇದೆ. ಹೋದ ಮಂಗಳವಾರ ಹದಿನೈದನೇ ಸಾಲು ಬರೆದೆ: ಒಣ ಹವೆ, ಎಂಜಿನ್ ಬಿಸಿ, ಸಿಗ್ನಲ್ಲಿನಲ್ಲಿ ನಿಂತಾಗ ಸ್ಟೇರಿಂಗ್ ಸಣ್ಣಗೆ ನಡುಗಿತು, ಎ.ಸಿ. ಚಾಲೂ ಇತ್ತು. ಯಾವ ಸಾಮಾನೂ ತರಿಸಿಲ್ಲ.